ಸ್ವಿಚ್ಚಿನಲ್ಲಿ ಯಾರೂ ಬರೆಯದ ಸಾಲುಗಳು

ವಿಂಡೋಸ್ ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಒಮ್ಮೊಮ್ಮೆ ಒಂದು ಎಚ್ಚರಿಕೆ ತಲೆಹಾಕುತ್ತದೆ: ನಿಮ್ಮ ಐಪಿ ವಿಳಾಸವನ್ನೇ ಈ ನೆಟ್‌ವರ್ಕಿನಲ್ಲಿ ಮತ್ತೊಂದು ಕಂಪ್ಯೂಟರ್ ಇಟ್ಟುಕೊಂಡಿದೆ. ಒಬ್ಬರಿಗೆ ಬಂದರೆ, ಯಾರೋ ಮನೆಯಿಂದ ಏನನ್ನೋ ತಂದು ಸಿಕ್ಕಿಸಿರಬೇಕು ಎಂದು ಹೇಳಿ ಮುಗಿಸಬಹುದು. ಒಂದೇ ಬೆಳಿಗ್ಗೆ ಇಡೀ ಮಹಡಿಗೆ ಬಂದರೆ ಐಟಿ ವಿಭಾಗದ ಫೋನಿಗೆ ಬಿಡುವಿರುವುದಿಲ್ಲ. ಹುಡುಗರು ಆ ‘ಮತ್ತೊಂದು ಕಂಪ್ಯೂಟರ್’ ಎಲ್ಲಿದೆ ಎಂದು ಮೇಜು ಮೇಜು ಅಲೆಯುತ್ತಾರೆ. ಸಿಗುವುದಿಲ್ಲ, ಏಕೆಂದರೆ ಅಂಥದ್ದೊಂದು ಇಲ್ಲವೇ ಇಲ್ಲ. ಲ್ಯಾಪ್‌ಟಾಪಿಗೆ ಈ ಸುಳ್ಳು ಅನುಮಾನ ಹುಟ್ಟಿಸಿದ್ದು ಕೇಬಲ್ಲಿನ ಆಚೆ ತುದಿಯಲ್ಲಿರುವ ಸ್ವಿಚ್.

ಕಂಪ್ಯೂಟರ್ ನೆಟ್‌ವರ್ಕಿಗೆ ಸೇರಿದ ಕೂಡಲೇ, ತನಗೆ ಸಿಕ್ಕ ವಿಳಾಸವನ್ನು ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸುತ್ತದೆ. ಈ ವಿಚಾರಣೆಯ ರೀತಿಯನ್ನು 2008ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5227 ಎಂಬ ದಾಖಲೆ ಗೊತ್ತುಮಾಡಿದೆ. ಕೇಳುವವರು ತಮ್ಮ ವಿಳಾಸದ ಜಾಗದಲ್ಲಿ 0.0.0.0 ಎಂದು ಹಾಕಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಅದೇ ವಿಳಾಸವನ್ನು ಹೀಗೆಯೇ ವಿಚಾರಿಸುವುದು ಕಿವಿಗೆ ಬಿದ್ದರೆ, ಇಬ್ಬರು ಒಂದೇ ವಿಳಾಸಕ್ಕೆ ಕೈಹಾಕಿದ್ದಾರೆ ಎಂದು ತಿಳಿಯಬೇಕು. ಇತ್ತ ಸಿಸ್ಕೋ ಸ್ವಿಚ್ಚುಗಳಲ್ಲಿ ಐಪಿ ಡಿವೈಸ್ ಟ್ರ್ಯಾಕಿಂಗ್ ಎಂಬ ಸೌಲಭ್ಯವಿದೆ. ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂದು ಪಟ್ಟಿ ಇಡುವುದು ಅದರ ಕೆಲಸ. ಪಟ್ಟಿ ಹಳಸದಿರಲೆಂದು ಅದೂ ಆಗಾಗ ವಿಚಾರಿಸುತ್ತಿರುತ್ತದೆ, ಅದೂ 0.0.0.0 ಎಂಬ ವಿಳಾಸದಿಂದಲೇ. ಎರಡೂ ಪ್ರಶ್ನೆಗಳು ಒಂದೇ ಗಳಿಗೆಗೆ ಬಿದ್ದವೆಂದರೆ ಲ್ಯಾಪ್‌ಟಾಪ್ ಬೆಚ್ಚುತ್ತದೆ. ಸಿಸ್ಕೋ ಇದನ್ನು ತಾನೇ ದಾಖಲಿಸಿ ಮದ್ದನ್ನೂ ಹೇಳಿದೆ: ಪೋರ್ಟ್ ಎದ್ದ ಮೇಲೆ ಸ್ವಿಚ್ ಹತ್ತು ಸೆಕೆಂಡು ತಾಳಲಿ, ಲ್ಯಾಪ್‌ಟಾಪಿನ ವಿಚಾರಣೆ ಮುಗಿಯಲಿ, ಆಮೇಲೆ ತನ್ನದನ್ನು ಕೇಳಲಿ.

ಮದ್ದು ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಟ್ರ್ಯಾಕಿಂಗ್ ಸಾಲನ್ನು ಸ್ವಿಚ್ಚಿನೊಳಗೆ ಬರೆದವರು ಯಾರು? ಕಚೇರಿಯ ನೆಟ್‌ವರ್ಕ್ ಎಂಜಿನಿಯರನ್ನು ಕೇಳಿದರೆ ತಾನು ಮುಟ್ಟಿಲ್ಲ ಎನ್ನುತ್ತಾನೆ, ಮತ್ತು ಅದು ನಿಜ. ಅವನು ಮಾಡಿದ್ದು ಇಷ್ಟೇ: ಹೊಸ ನಿರ್ವಹಣಾ ವ್ಯವಸ್ಥೆಯ ಪಟ್ಟಿಗೆ ಸ್ವಿಚ್ಚನ್ನು ಸೇರಿಸಿ, ಅದು ಇಂಥ ಕಟ್ಟಡದ ಇಂಥ ಮಹಡಿಯದು ಎಂದು ಗುರುತು ಹಾಕಿದ್ದ. ಸಿಸ್ಕೋದ ಡಿಎನ್‌ಎ ಸೆಂಟರ್ ಎಂಬ ವ್ಯವಸ್ಥೆಯಲ್ಲಿ (2023ರಿಂದ ಅದರ ಹೆಸರು ಕ್ಯಾಟಲಿಸ್ಟ್ ಸೆಂಟರ್) ‘ಡಿವೈಸ್ ಕಂಟ್ರೋಲಬಿಲಿಟಿ’ ಎಂಬ ಒಂದು ಆಯ್ಕೆ ಇದೆ. ಪೆಟ್ಟಿಗೆ ಬಿಚ್ಚಿದಾಗಲೇ ಅದು ಚಾಲೂ ಇರುತ್ತದೆ. ಸ್ವಿಚ್ ಪಟ್ಟಿಗೆ ಸೇರಿದಾಗ ಅಥವಾ ಒಂದು ಸ್ಥಳಕ್ಕೆ ನಿಯೋಜನೆಯಾದಾಗ ವ್ಯವಸ್ಥೆ ತನಗೆ ಬೇಕಾದ ಸಾಲುಗಳನ್ನು ತಾನೇ ಬರೆಯುತ್ತದೆ: ತನ್ನ ಪ್ರವೇಶದ ಗುರುತುಗಳು, ಎಸ್‌ಎನ್‌ಎಂಪಿ ಮತ್ತು ಸಿಸ್‌ಲಾಗ್ ಸಂದೇಶ ಎಲ್ಲಿಗೆ ಹೋಗಬೇಕೆಂಬ ವಿಳಾಸ, ಮತ್ತು ಆ ಟ್ರ್ಯಾಕಿಂಗ್ ನೀತಿ. ಇದೆಲ್ಲ ಕೈಪಿಡಿಯಲ್ಲಿದೆ, ಮುಚ್ಚಿಟ್ಟದ್ದಲ್ಲ. ಆದರೆ ‘ಸೇರಿಸು’ ಎಂಬ ಗುಂಡಿ ಒತ್ತುವವನ ಮನಸ್ಸಿನಲ್ಲಿ ಅದು ‘ನೋಡು’ ಎಂಬ ಗುಂಡಿಯಾಗಿರುತ್ತದೆ. ವ್ಯವಸ್ಥೆಯ ಲೆಕ್ಕದಲ್ಲಿ ಅದು ‘ಬರೆ’ ಎಂಬ ಅಪ್ಪಣೆ.

ಇಷ್ಟೊತ್ತು ಸ್ವಿಚ್ ಎಂದದ್ದು ಗೋಡೆಯ ದೀಪದ ಸ್ವಿಚ್ಚಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತೇ ಇರುತ್ತದೆ. ಬ್ಯಾಂಕಿನ ಶಾಖೆ, ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಕಂಪನಿ ಎಲ್ಲಿಗೆ ಹೋದರೂ ಒಂದು ಬೀಗ ಹಾಕಿದ ಕೋಣೆಯಲ್ಲಿ, ಎ.ಸಿ. ಗಾಳಿಯಲ್ಲಿ, ಕಬ್ಬಿಣದ ರ‍್ಯಾಕಿನೊಳಗೆ ಹಸಿರು ದೀಪ ಮಿನುಗಿಸುತ್ತ ಕೂತ ಚಪ್ಪಟೆ ಪೆಟ್ಟಿಗೆ ಅದು. ಇಪ್ಪತ್ತನಾಲ್ಕೋ ನಲವತ್ತೆಂಟೋ ಪೋರ್ಟುಗಳು, ಒಂದೊಂದಕ್ಕೂ ಒಂದೊಂದು ಕೇಬಲ್. ಯಾವ ಪೋರ್ಟ್ ಯಾವ ವಿಲ್ಯಾನಿಗೆ ಸೇರಿದ್ದು, ಅಂದರೆ ಒಂದೇ ತಂತಿಜಾಲದೊಳಗೆ ಗೆರೆ ಕೊಯ್ದು ಮಾಡಿದ ಯಾವ ವಿಭಾಗಕ್ಕೆ ಸೇರಿದ್ದು. ಯಾವುದು ಸಿಸಿಟಿವಿಗೆ, ಯಾವುದು ಫೋನಿಗೆ, ಯಾವುದು ಬಯೋಮೆಟ್ರಿಕ್ ಹಾಜರಾತಿ ಯಂತ್ರಕ್ಕೆ. ಇದನ್ನೆಲ್ಲ ಹೇಳುವ ಸಾಲುಗಳ ಮೊತ್ತವನ್ನು ಈ ಕಸುಬಿನವರು ಕಾನ್ಫಿಗ್ ಎನ್ನುತ್ತಾರೆ. ಒಂದು ಸ್ವಿಚ್ಚಿನ ಕಾನ್ಫಿಗ್ ಸುಲಭವಾಗಿ ಐನೂರು ಸಾಲು ದಾಟುತ್ತದೆ.

ಹಿಂದೆ ಆ ಸಾಲುಗಳು ಇದ್ದದ್ದು ಸ್ವಿಚ್ಚಿನೊಳಗೆ ಮಾತ್ರ. ಎಂಜಿನಿಯರ್ ಕನ್ಸೋಲ್ ಕೇಬಲ್ ಸಿಕ್ಕಿಸಿ ಅಥವಾ ದೂರದಿಂದ ಲಾಗಿನ್ ಆಗಿ ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಬರೆಯುತ್ತಿದ್ದ. ಸ್ವಿಚ್ ಏನು ಹೇಳುತ್ತದೋ ಅದೇ ಸತ್ಯ, ಕಡತದಲ್ಲಿ ಬೇರೆ ಇದ್ದರೆ ಕಡತ ತಪ್ಪು. ಹೊಸ ವ್ಯವಸ್ಥೆಗಳು ತಲೆಕೆಳಗು ಮಾಡಿದ್ದು ಇದನ್ನೇ. ಈಗ ಸತ್ಯ ಇರುವುದು ಡ್ಯಾಶ್‌ಬೋರ್ಡಿನ ಹಿಂದಿನ ದತ್ತಾಂಶದಲ್ಲಿ. ಸ್ವಿಚ್ ಅದರ ಒಂದು ನಕಲು. ನಕಲಿನಲ್ಲಿ ಹೆಚ್ಚು ಕಮ್ಮಿ ಕಂಡರೆ ನಕಲನ್ನೇ ತಿದ್ದಬೇಕು. ಕರ್ನಾಟಕದ ರೈತರಿಗೆ ಈ ಬಗೆಯ ವರ್ಗಾವಣೆ ಹೊಸದಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಶುರುವಾದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಹೋದವು; ಆಮೇಲೆ ಕೈಬರಹದ ಪಹಣಿಗೆ ಬೆಲೆ ಉಳಿಯಲಿಲ್ಲ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು, ಲೆಕ್ಕಿಗರಿಗೆ ಬಾಯಲ್ಲಿ ಗೊತ್ತಿದ್ದದ್ದು ಕಂಪ್ಯೂಟರಿಗೆ ಕಾಣುವಂಥದ್ದಲ್ಲ. ಸ್ವಿಚ್ಚುಗಳ ವಿಷಯದಲ್ಲೂ ಬಹುಪಾಲು ಕಷ್ಟ ಹುಟ್ಟುವುದು ಈ ಅಂಚಿನ ಬರಹದಲ್ಲಿಯೇ.

ವ್ಯವಸ್ಥೆ ಬದಲಿಸುವ ಗೊಡವೆ ಕಚೇರಿಗಳಿಗೆ ಏಕೆ ಬರುತ್ತದೆ? ಅನೇಕ ಸಲ ತಮ್ಮ ಇಚ್ಛೆಯಿಂದಲ್ಲ, ನೆಟ್‌ವರ್ಕ್ ಕಂಪನಿಗಳು ಒಂದನ್ನೊಂದು ಕೊಳ್ಳುವುದರಿಂದ. 2012ರಲ್ಲಿ ಸಿಸ್ಕೋ 120 ಕೋಟಿ ಡಾಲರಿಗೆ ಮೆರಾಕಿಯನ್ನು ಕೊಂಡಿತು. 2015ರಲ್ಲಿ ಎಚ್‌ಪಿ ಅರೂಬಾವನ್ನು ಕೊಂಡಿತು. 2019ರಲ್ಲಿ ಜುನಿಪರ್ ಮಿಸ್ಟನ್ನು ಕೊಂಡಿತು. 2025ರ ಜುಲೈನಲ್ಲಿ ಆ ಜುನಿಪರನ್ನೇ ಎಚ್‌ಪಿ ಎಂಟರ್‌ಪ್ರೈಸ್ ಕೊಂಡಿತು. ಒಂದೊಂದು ಖರೀದಿಯ ನಂತರವೂ ಹಳೆಯ ನಿರ್ವಹಣಾ ತಂತ್ರಾಂಶಕ್ಕೆ ಒಂದಲ್ಲ ಒಂದು ದಿನ ವಿದಾಯದ ನೋಟಿಸು ಬರುತ್ತದೆ, ಲೈಸೆನ್ಸ್ ಲೆಕ್ಕ ಬದಲಾಗುತ್ತದೆ, ಮಾರಾಟದವರು ಹೊಸ ಡ್ಯಾಶ್‌ಬೋರ್ಡ್ ಹಿಡಿದು ಬರುತ್ತಾರೆ. ಡೆಮೊದಲ್ಲಿ ಎಲ್ಲ ಸ್ವಿಚ್ಚುಗಳೂ ಹಸಿರು.

ಬದಲಾಗುವುದು ಏನೇನು ಎಂಬುದು ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಕೆಲವು ಮುಚ್ಚುಮರೆಯಿಲ್ಲದೆ ಹಲಗೆ ಒರೆಸಿಬಿಡುತ್ತವೆ. ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್ಚನ್ನು ಪೂರ್ತಿಯಾಗಿ ಮೆರಾಕಿ ನಿರ್ವಹಣೆಗೆ ಒಪ್ಪಿಸಿದರೆ ಅದರ ಹಳೆಯ ಕಾನ್ಫಿಗ್ ಅಳಿಸಿಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮೊದಲೇ ಎಲ್ಲ ಬರೆದಿಟ್ಟುಕೊಂಡಿರಬೇಕು. ಇದು ಒಂದು ಲೆಕ್ಕಕ್ಕೆ ಪ್ರಾಮಾಣಿಕ ದಾರಿ, ಏಕೆಂದರೆ ಏನೂ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಯುಬಿಕ್ವಿಟಿಯ ಯೂನಿಫೈಯಂಥ ವ್ಯವಸ್ಥೆಯಲ್ಲಿ ಸ್ವಿಚ್ಚಿಗೆ ನೇರ ಲಾಗಿನ್ ಆಗಿ ಕೈಯಿಂದ ಮಾಡಿದ ತಿದ್ದುಪಡಿ ಮುಂದಿನ ಸಲ ಕಂಟ್ರೋಲರ್ ಕಾನ್ಫಿಗ್ ಕಳಿಸುವವರೆಗೆ ಮಾತ್ರ ಬದುಕಿರುತ್ತದೆ. ತೊಂದರೆ ಕೊಡುವುದು ನಡುವಿನ ಜಾತಿ: ಹಳೆಯದನ್ನು ಬಹುಮಟ್ಟಿಗೆ ಉಳಿಸಿಕೊಂಡು, ತನ್ನದನ್ನು ಅದರ ಮೇಲೆ ಹೇರುವಂಥವು. ಅಲ್ಲಿ ಯಾವ ಸಾಲು ಉಳಿಯಿತು, ಯಾವುದು ಹೋಯಿತು, ಯಾವುದು ಹೊಸದಾಗಿ ಬಂತು ಎಂದು ಸಾಲು ಸಾಲು ಹೋಲಿಸಿದ ಹೊರತು ತಿಳಿಯುವುದಿಲ್ಲ.

ಇಲ್ಲೊಂದು ಅನ್ಯಾಯದ ದೂರನ್ನೂ ಪಕ್ಕಕ್ಕಿಡಬೇಕು. ಹೊಸ ವ್ಯವಸ್ಥೆಯ ತಲೆಗೆ ಕಟ್ಟುವ ಎಷ್ಟೋ ತಪ್ಪು ಹಳೆಯ ಮರೆವಿನದು. ಸಿಸ್ಕೋ ಮಾದರಿಯ ಸ್ವಿಚ್ಚಿನಲ್ಲಿ ಕಾನ್ಫಿಗ್ ಎರಡು ಕಡೆ ಇರುತ್ತದೆ. ಈಗ ಜಾರಿಯಲ್ಲಿರುವುದು ಒಂದು, ಮತ್ತೆ ಚಾಲೂ ಆದಾಗ ಓದಿಕೊಳ್ಳುವುದು ಇನ್ನೊಂದು. ಬದಲಾವಣೆ ಮಾಡಿ ‘ರೈಟ್ ಮೆಮೊರಿ’ ಎಂದು ಬರೆಯದೆ ಹೋದರೆ ಮೊದಲನೆಯದು ಮಾತ್ರ ಬದಲಾಗುತ್ತದೆ. ಸ್ವಿಚ್ಚುಗಳು ವರ್ಷಗಟ್ಟಲೆ ಆರದೆ ಓಡುತ್ತವೆ, ಎಂಜಿನಿಯರುಗಳಿಗೆ ಆ ಅವಧಿಯ ಬಗ್ಗೆ ಹೆಮ್ಮೆಯೂ ಇರುತ್ತದೆ. ಆ ಅವಧಿಯಲ್ಲಿ ಉಳಿಸದೇ ಬಿಟ್ಟ ಬದಲಾವಣೆಗಳು ಎಷ್ಟು ಎಂದು ಯಾರಿಗೂ ಲೆಕ್ಕವಿಲ್ಲ. ಹೊಸ ವ್ಯವಸ್ಥೆ ಬರುತ್ತದೆ, ಇಷ್ಟು ಹಳೆಯ ತಂತ್ರಾಂಶದ ಜತೆ ತನಗಾಗದು ಎನ್ನುತ್ತದೆ, ಅಪ್‌ಗ್ರೇಡ್ ಮಾಡಿ ರೀಬೂಟ್ ಮಾಡಿಸುತ್ತದೆ. ಸ್ವಿಚ್ ಎದ್ದು, ನಾಲ್ಕು ವರ್ಷ ಹಿಂದಿನ ತನ್ನನ್ನು ನೆನಪಿಸಿಕೊಳ್ಳುತ್ತದೆ. ಇದರಲ್ಲಿ ಪ್ಲಾಟ್‌ಫಾರ್ಮಿನದು ತಪ್ಪೇನಿದೆ?

ಹಾಗೆಯೇ ತಕ್ಷಣ ಕಾಣದ ಹಾನಿಯೂ ಇದೆ. ಹಳೆಯ ಲ್ಯಾಬ್ ಉಪಕರಣ, ಕಾರ್ಖಾನೆಯ ನಿಯಂತ್ರಣ ಯಂತ್ರ ಇಂಥವಕ್ಕೆ ವೇಗವನ್ನು ಕೈಯಿಂದ ಗೊತ್ತುಮಾಡಿರುತ್ತಾರೆ: 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್, ಅಂದರೆ ಒಂದೇ ಹೊತ್ತಿಗೆ ಎರಡೂ ಕಡೆ ಮಾತು. ಸ್ವಿಚ್ಚಿನ ಪೋರ್ಟಿಗೂ ಅದನ್ನೇ ಬರೆದಿರುತ್ತಾರೆ. ಹೊಸ ವ್ಯವಸ್ಥೆಯ ಟೆಂಪ್ಲೇಟಿಗೆ, ಅಂದರೆ ಅನೇಕ ಸ್ವಿಚ್ಚುಗಳಿಗೆ ಒಂದೇ ಅಚ್ಚಿನಿಂದ ಬರೆಯುವ ಮಾದರಿ ಕಾನ್ಫಿಗಿಗೆ, ಆ ಕಥೆ ಗೊತ್ತಿಲ್ಲ. ಎಲ್ಲ ಪೋರ್ಟುಗಳಿಗೂ ‘ಆಟೋ’ ಎಂದು ಬರೆಯುತ್ತದೆ, ಅಂದರೆ ಎರಡೂ ತುದಿಗಳು ಮಾತಾಡಿಕೊಂಡು ಗೊತ್ತುಮಾಡಿಕೊಳ್ಳಲಿ ಎಂದು. ಯಂತ್ರ ಮಾತುಕತೆಗೆ ಬಗ್ಗುವುದಿಲ್ಲ. ಎದುರಿನವರು ತಮ್ಮ ಡ್ಯೂಪ್ಲೆಕ್ಸ್ ಹೇಳದೆ ಹೋದರೆ ಹಾಫ್ ಎಂದೇ ತಿಳಿಯಬೇಕು ಎಂಬುದು ಈಥರ್ನೆಟ್ ನಿಯಮ. ಸ್ವಿಚ್ ವೇಗವನ್ನು ಸರಿಯಾಗಿ ಹಿಡಿದರೂ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಈಗ ಒಂದು ಕಡೆಯವರು ತಡೆಯಿಲ್ಲದೆ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಅದನ್ನು ಡಿಕ್ಕಿ ಎಂದು ತಿಳಿಯುತ್ತಾರೆ. ಪೋರ್ಟಿನ ದೀಪ ಹಸಿರು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ದೊಡ್ಡ ಕಡತ ಕಳಿಸಿದಾಗ ಮಾತ್ರ ಉಸಿರುಗಟ್ಟುತ್ತದೆ. ಡ್ಯಾಶ್‌ಬೋರ್ಡ್ ಎಲ್ಲ ಕ್ಷೇಮ ಎನ್ನುತ್ತಿರುವಾಗ ಯಂತ್ರವೇ ಮುದಿಯಾಯಿತೇನೋ ಎಂದು ಅದನ್ನು ರಿಪೇರಿಗೆ ಕಳಿಸಿದ ಜಾಗಗಳಿದ್ದರೆ ಆಶ್ಚರ್ಯವಿಲ್ಲ.

ಇನ್ನು ಸ್ಪ್ಯಾನಿಂಗ್ ಟ್ರೀ. ಈ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕಾನ್ಫಿಗಿನ ಒಂದೇ ಸಾಲು ಇಡೀ ಕಟ್ಟಡವನ್ನು ಮಲಗಿಸಬಲ್ಲದ್ದು ಇಲ್ಲಿಯೇ. ಸ್ವಿಚ್ಚುಗಳ ನಡುವೆ ಒಂದು ಕೇಬಲ್ ಕಡಿದರೂ ಕೆಲಸ ನಿಲ್ಲದಿರಲೆಂದು ಎರಡನೆಯ ದಾರಿಯನ್ನೂ ಎಳೆದಿರುತ್ತಾರೆ. ಎರಡು ದಾರಿಯೆಂದರೆ ಒಂದು ಸುತ್ತು. ಎಲ್ಲರಿಗೂ ಎಂದು ಕಳಿಸಿದ ಸಂದೇಶ ಆ ಸುತ್ತಿನಲ್ಲಿ ಸಿಕ್ಕರೆ ನಿಲ್ಲದೆ ತಿರುಗುತ್ತ, ಪ್ರತಿ ಸುತ್ತಿಗೂ ಹೆಚ್ಚುತ್ತ ಹೋಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಬೇರೆ ಯಾವ ಮಾತಿಗೂ ಜಾಗ ಉಳಿಯುವುದಿಲ್ಲ. 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೊಂದು ಉಪಾಯ ಕೊಟ್ಟರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಮೂಲ ಎಂದು ಆರಿಸುತ್ತವೆ, ಅಲ್ಲಿಂದ ಕವಲೊಡೆಯುವ ದಾರಿಗಳನ್ನಷ್ಟೇ ತೆರೆದಿಟ್ಟು ಉಳಿದವನ್ನು ತಡೆದಿಡುತ್ತವೆ. ಈ ಉಪಾಯ ಇಂದಿಗೂ ಪ್ರತಿ ಕಚೇರಿಯ ಗೋಡೆಯೊಳಗೆ ಓಡುತ್ತಿದೆ.

ಮೂಲದ ಆಯ್ಕೆ ನಡೆಯುವುದು ಒಂದು ಸಂಖ್ಯೆಯಿಂದ. ಯಾರದು ಕಡಿಮೆಯೋ ಅವರು ಗೆದ್ದರು. ಹೇಳದೆ ಬಿಟ್ಟರೆ ಎಲ್ಲ ಸ್ವಿಚ್ಚಿಗೂ 32768. ಸಮ ಬಿದ್ದರೆ ಕಾರ್ಖಾನೆಯಲ್ಲಿ ಕೆತ್ತಿದ ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವರು. ಒಂದೇ ಕಂಪನಿಯ ಸ್ವಿಚ್ಚುಗಳಲ್ಲಿ ಚಿಕ್ಕ ವಿಳಾಸವಿರುವುದು ಸಾಮಾನ್ಯವಾಗಿ ಹಳೆಯದಕ್ಕೆ. ಹಾಗಾಗಿ ತಿಳಿದವರು ಡೇಟಾ ಸೆಂಟರಿನ ದೊಡ್ಡ ಸ್ವಿಚ್ಚಿಗೆ 4096 ಎಂದೋ ಸೊನ್ನೆ ಎಂದೋ ಬರೆದು ಭದ್ರಮಾಡಿರುತ್ತಾರೆ. ವರ್ಗಾವಣೆಯ ದಿನ ಆ ಒಂದು ಸಾಲನ್ನು ಹೊಸ ವ್ಯವಸ್ಥೆಗೆ ಹೇಳಲು ಮರೆತರೆ, ಅದು ಖಾಲಿ ಜಾಗಕ್ಕೆ ತನ್ನ ರೂಢಿಯ 32768 ಅನ್ನು ತುಂಬುತ್ತದೆ. ಅಂದಿನಿಂದ ಇಡೀ ಕಟ್ಟಡದ ನೆಟ್‌ವರ್ಕಿಗೆ ಮೂಲ ಎಂದರೆ ಉಗ್ರಾಣದ ಮೂಲೆಯಲ್ಲಿ ಎರಡು ಪ್ರಿಂಟರಿಗಾಗಿ ಇಟ್ಟಿದ್ದ ಹಳೆಯ ಸ್ವಿಚ್ ಆಗಿರಬಹುದು. ತುಂಬ ದಿನ ಯಾರಿಗೂ ತಿಳಿಯುವುದೂ ಇಲ್ಲ. ಯಾರಾದರೂ ಉಗ್ರಾಣದ ಕರೆಂಟು ತೆಗೆದ ಮಧ್ಯಾಹ್ನ ಎಲ್ಲ ದಾರಿಗಳೂ ಹೊಸದಾಗಿ ಲೆಕ್ಕವಾಗುತ್ತವೆ, ಐದನೆಯ ಮಹಡಿಯ ಫೋನ್ ಕರೆಗಳು ಕಡಿಯುತ್ತವೆ, ಉಗ್ರಾಣಕ್ಕೂ ಐದನೆಯ ಮಹಡಿಗೂ ಏನು ಸಂಬಂಧ ಎಂದು ಯಾರೂ ಯೋಚಿಸುವುದಿಲ್ಲ.

ಸ್ಪ್ಯಾನಿಂಗ್ ಟ್ರೀ ಕೈಕೊಟ್ಟರೆ ಆಗುವುದೇನು ಎಂಬುದಕ್ಕೆ ಈ ಕಸುಬಿನವರು ಇಂದಿಗೂ ಹೇಳುವ ಕಥೆ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯದು. 2002ರ ನವೆಂಬರಿನಲ್ಲಿ ಅಲ್ಲಿನ ನೆಟ್‌ವರ್ಕ್ ಕುಸಿದು ಸುಮಾರು ನಾಲ್ಕು ದಿನ ವೈದ್ಯರು, ನರ್ಸುಗಳು ಕಾಗದಕ್ಕೆ ಮರಳಿದರು. ಅಲ್ಲಿ ಹೊಸ ಪ್ಲಾಟ್‌ಫಾರ್ಮ್ ಏನೂ ಬಂದಿರಲಿಲ್ಲ. ವರ್ಷಗಳಿಂದ ಒಂದೊಂದೇ ಕಟ್ಟಡ, ಒಂದೊಂದೇ ಸ್ವಿಚ್ ಸೇರುತ್ತ ಸ್ಪ್ಯಾನಿಂಗ್ ಟ್ರೀಗೆ ಹೇಳಿದ ಏಳು ಹೆಜ್ಜೆಯ ಮಿತಿ ಮೀರಿತ್ತು. ಒಂದು ದಿನ ಭಾರ ಹೆಚ್ಚಿದಾಗ ಸುತ್ತುಗಳು ತೆರೆದುಕೊಂಡವು. ಐಟಿ ಮುಖ್ಯಸ್ಥ ಜಾನ್ ಹಲಾಮ್ಕಾ ನಡೆದದ್ದನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಿದರು, ಹಾಗಾಗಿಯೇ ಅದು ಪಾಠವಾಗಿ ಉಳಿದಿದೆ. ಅಲ್ಲಿ ವರ್ಷಗಳು ಮಾಡಿದ ಕೆಲಸವನ್ನು ಇಂದು ಒಂದು ಟೆಂಪ್ಲೇಟ್ ಒಂದು ನಿಮಿಷದಲ್ಲಿ ಇನ್ನೂರು ಸ್ವಿಚ್ಚುಗಳ ಮೇಲೆ ಮಾಡಬಲ್ಲದು ಎಂಬುದಷ್ಟೇ ವ್ಯತ್ಯಾಸ.

ಒಂದು ಪದದ ಅಂತರದಲ್ಲಿ ಆಗುವ ಅನಾಹುತವೂ ಇದೆ. ಎರಡು ಸ್ವಿಚ್ಚುಗಳ ನಡುವಿನ ಟ್ರಂಕ್ ಕೇಬಲ್ಲಿನಲ್ಲಿ ಯಾವ ಯಾವ ವಿಲ್ಯಾನ್ ಹಾಯಬಹುದು ಎಂಬ ಪಟ್ಟಿಗೆ 30ನ್ನು ಸೇರಿಸಬೇಕೆಂದಿಟ್ಟುಕೊಳ್ಳಿ. ಸಿಸ್ಕೋ ಆಜ್ಞೆಯಲ್ಲಿ ‘ಆ್ಯಡ್’ ಎಂಬ ಪದ ಇರಬೇಕು. ಬಿಟ್ಟರೆ ಅದು ಸೇರಿಸುವುದಿಲ್ಲ. ಹಳೆಯ ಪಟ್ಟಿಯನ್ನು ತೆಗೆದುಹಾಕಿ 30 ಒಂದನ್ನೇ ಇಡುತ್ತದೆ. ಈ ತಪ್ಪು ಮಾಡದ ಎಂಜಿನಿಯರ್ ಇಲ್ಲ ಎಂಬುದು ಈ ವೃತ್ತಿಯ ಹಳೆಯ ತಮಾಷೆ. ನಿರ್ವಹಣಾ ವ್ಯವಸ್ಥೆಗಳಲ್ಲೂ ಇದೇ ಕವಲು ಇದೆ. ಕೆಲವು ಟೆಂಪ್ಲೇಟುಗಳು ಇದ್ದದ್ದಕ್ಕೆ ಸೇರಿಸುತ್ತವೆ, ಕೆಲವು ಇದ್ದದ್ದನ್ನು ತೆಗೆದು ತಮ್ಮದನ್ನು ಇಡುತ್ತವೆ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅಳಿಸಿಹೋದ ಪಟ್ಟಿಯಲ್ಲಿ ನಿರ್ವಹಣೆಯ ವಿಲ್ಯಾನೂ ಇದ್ದರೆ ಆಯಿತು: ತಪ್ಪನ್ನು ತಿದ್ದಲು ಸ್ವಿಚ್ಚನ್ನು ತಲುಪುವ ದಾರಿಯನ್ನೂ ಆ ತಪ್ಪೇ ಕಡಿದಿರುತ್ತದೆ. ಆಮೇಲೆ ಉಳಿಯುವುದು ಕನ್ಸೋಲ್ ಕೇಬಲ್ ಹಿಡಿದು, ಕಾರು ಹತ್ತಿ, ಆ ಊರಿಗೆ ಹೋಗುವುದು.

ದೂರದಿಂದ ಬಂದು ಎಲ್ಲವನ್ನೂ ಅಳಿಸುವ ಸ್ವಯಂಚಾಲಿತ ಬುದ್ಧಿವಂತಿಕೆ ಕ್ಲೌಡಿನ ಕಾಲದ್ದೇ ಎಂದೂ ತಿಳಿಯಬೇಕಿಲ್ಲ. ಸಿಸ್ಕೋದ್ದೇ ವಿಟಿಪಿ ಎಂಬ ಹಳೆಯ ಏರ್ಪಾಡು ವಿಲ್ಯಾನ್ ಪಟ್ಟಿಯನ್ನು ಒಂದು ಸ್ವಿಚ್ಚಿನಿಂದ ಉಳಿದವಕ್ಕೆ ತಾನೇ ಹಂಚುತ್ತಿತ್ತು. ಯಾವ ಪಟ್ಟಿ ಹೊಸದು ಎಂದು ತಿಳಿಯಲು ಒಂದು ಪರಿಷ್ಕರಣ ಸಂಖ್ಯೆ. ದೊಡ್ಡ ಸಂಖ್ಯೆಯದೇ ಸರಿ. ಲ್ಯಾಬಿನಲ್ಲಿ ಆಟವಾಡಿ ಆಡಿ ಸಂಖ್ಯೆ ಏರಿಸಿಕೊಂಡಿದ್ದ ಒಂದು ಸ್ವಿಚ್ಚನ್ನು, ಡೊಮೇನ್ ಹೆಸರು ಅದೇ ಇದ್ದರೆ, ಕಚೇರಿಯ ನೆಟ್‌ವರ್ಕಿಗೆ ಸಿಕ್ಕಿಸಿದ್ದೇ ತಡ, ಉಳಿದ ಸ್ವಿಚ್ಚುಗಳೆಲ್ಲ ತಮ್ಮ ಪಟ್ಟಿ ಎಸೆದು ಅದರ ಪಟ್ಟಿಯನ್ನು ಒಪ್ಪಿಕೊಳ್ಳುತ್ತಿದ್ದವು. ವಿಲ್ಯಾನುಗಳು ಮಾಯ, ಅವುಗಳ ಪೋರ್ಟುಗಳೆಲ್ಲ ನಿಶ್ಚಲ. ಮೂರನೆಯ ಆವೃತ್ತಿಯಲ್ಲಿ ಇದಕ್ಕೆ ತಡೆ ಹಾಕಿದರು. ಅಷ್ಟರಲ್ಲಿ ಒಂದು ತಲೆಮಾರಿನ ಎಂಜಿನಿಯರುಗಳು ವಿಟಿಪಿಯನ್ನು ನಿಲ್ಲಿಸಿಟ್ಟೇ ಕೆಲಸ ಕಲಿತಿದ್ದರು.

ಹೊಸ ವ್ಯವಸ್ಥೆ ಬಂದ ಮೊದಲ ತಿಂಗಳುಗಳಲ್ಲಿ ನಡೆಯುವ ಹಗ್ಗಜಗ್ಗಾಟ ನೋಡಲು ವಿಚಿತ್ರವಾಗಿರುತ್ತದೆ. ರಾತ್ರಿ ಎರಡಕ್ಕೆ ದೂರು ಬರುತ್ತದೆ. ನೈಟ್ ಶಿಫ್ಟಿನವನು ಲಾಗಿನ್ ಆಗಿ, ಪೋರ್ಟ್ ತಪ್ಪು ವಿಲ್ಯಾನಿನಲ್ಲಿರುವುದನ್ನು ಕಂಡು, ನೇರ ಸ್ವಿಚ್ಚಿನಲ್ಲಿಯೇ ಸರಿಮಾಡಿ ಟಿಕೆಟ್ ಮುಚ್ಚುತ್ತಾನೆ. ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಸರಿಪಡಿಸಿದ್ದಲ್ಲ, ದಾರಿ ತಪ್ಪಿದ್ದು. ಮುಂದಿನ ತಪಾಸಣೆಯಲ್ಲಿ ಅದು ಆ ಪೋರ್ಟನ್ನು ‘ನಿಯಮಬಾಹಿರ’ ಎಂದು ಗುರುತಿಸುತ್ತದೆ. ತಾನೇ ಸರಿಮಾಡು ಎಂಬ ಆಯ್ಕೆ ಚಾಲೂ ಇದ್ದರೆ ಹಿಂದಿನಂತೆ ಮಾಡುತ್ತದೆ. ಮರುದಿನ ಅದೇ ದೂರು, ಬೇರೊಬ್ಬ ಎಂಜಿನಿಯರ್, ಅದೇ ಮದ್ದು. ಟಿಕೆಟುಗಳಲ್ಲಿ ಇದು ಬೇರೆ ಬೇರೆ ಘಟನೆಗಳಾಗಿ ದಾಖಲಾಗುತ್ತದೆ. ಇಬ್ಬರೂ ಸರಿ ಎಂದುಕೊಂಡೇ ಒಬ್ಬರ ಬರಹವನ್ನು ಇನ್ನೊಬ್ಬರು ಅಳಿಸುತ್ತಿರುತ್ತಾರೆ, ಅವರಲ್ಲಿ ಒಬ್ಬರು ಮನುಷ್ಯರಲ್ಲ.

ಯಾರೂ ಬರೆಯದ ಸಾಲು ದೇಶವನ್ನೇ ಕಾಡಿದ್ದೂ ಉಂಟು. 2023ರ ನವೆಂಬರ್ 8ರ ನಸುಕಿನಲ್ಲಿ ಆಸ್ಟ್ರೇಲಿಯದ ಆಪ್ಟಸ್ ಕಂಪನಿಯ ಸುಮಾರು 90 ರೂಟರುಗಳು ತಮ್ಮನ್ನು ತಾವೇ ನೆಟ್‌ವರ್ಕಿನಿಂದ ಬೇರ್ಪಡಿಸಿಕೊಂಡವು. ಸುಮಾರು ಒಂದು ಕೋಟಿ ಗ್ರಾಹಕರ ಫೋನು, ಇಂಟರ್‌ನೆಟ್ ನಿಂತಿತು. ತುರ್ತು ಸಂಖ್ಯೆ 000ಗೆ ಕರೆ ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಸಂಪರ್ಕ ಸಿಗಲಿಲ್ಲ. ಹೊರಗಿನ ಒಂದು ಅಪ್‌ಗ್ರೇಡಿನ ನಂತರ ಹರಿದುಬಂದ ಮಾರ್ಗಗಳ ಮಾಹಿತಿ ರೂಟರುಗಳ ಮಿತಿಯನ್ನು ಮೀರಿತ್ತು, ಆ ಮಿತಿ ತಯಾರಕರು ಇಟ್ಟು ಕಳಿಸಿದ ಡೀಫಾಲ್ಟ್ ಎಂದು ಆಪ್ಟಸ್ ಅಲ್ಲಿನ ಸೆನೆಟ್ ವಿಚಾರಣೆಗೆ ಹೇಳಿತು. ಅದೇ ತಿಂಗಳು ಮುಖ್ಯಸ್ಥೆ ಕೆಲಸ ಬಿಟ್ಟರು. ಡೀಫಾಲ್ಟ್ ಎಂದರೆ ಯಾರೂ ತೀರ್ಮಾನಿಸದ್ದು ಎಂದು ನಾವು ತಿಳಿಯುತ್ತೇವೆ. ನಿಜಕ್ಕೆ ಅದು ಬೇರೆ ಊರಿನಲ್ಲಿ, ಬೇರೆ ನೆಟ್‌ವರ್ಕನ್ನು ಮನಸ್ಸಿನಲ್ಲಿಟ್ಟು ಯಾರೋ ಮಾಡಿದ ತೀರ್ಮಾನ.

ಅದಕ್ಕೆ ಹಿಂದಿನ ವರ್ಷ, 2022ರ ಜುಲೈ 8ರಂದು, ಕೆನಡಾದ ರಾಜರ್ಸ್ ನೆಟ್‌ವರ್ಕ್ ಬಿದ್ದಾಗ ಬೇರೊಂದು ಪಾಠ ಸಿಕ್ಕಿತು. ಏಳು ಹಂತದ ಅಪ್‌ಗ್ರೇಡಿನ ಆರನೆಯ ಹಂತ ಅದು. ಹಿಂದಿನ ಹಂತಗಳು ಸುಗಮವಾಗಿ ಮುಗಿದಿದ್ದರಿಂದ ಅಪಾಯ ಅಳೆಯುವ ಲೆಕ್ಕಾಚಾರ ಈ ಹಂತವನ್ನು ‘ಹೆಚ್ಚು’ ಎಂಬುದರಿಂದ ‘ಕಡಿಮೆ’ ಎಂಬುದಕ್ಕೆ ಇಳಿಸಿತ್ತು ಎಂದು ನಂತರದ ಸ್ವತಂತ್ರ ವರದಿ ಹೇಳಿತು. ಒಂದು ಶೋಧಕ ಸಾಲು ತೆಗೆದುಹೋಗಿ ಮಾರ್ಗಗಳ ಪ್ರವಾಹ ಒಳಗಿನ ರೂಟರುಗಳನ್ನು ಮುಳುಗಿಸಿತು. ಎಂಜಿನಿಯರುಗಳು ರೂಟರುಗಳನ್ನು ತಲುಪುವ ನಿರ್ವಹಣಾ ದಾರಿಯೂ ಅದೇ ನೆಟ್‌ವರ್ಕಿನ ಮೇಲಿತ್ತು. ಕಾರಣ ಯಾವುದು ಎಂದು ಗೊತ್ತಾಗಲು 14 ಗಂಟೆ ಬೇಕಾಯಿತು. ಮೂವತ್ತು ಸ್ವಿಚ್ಚುಗಳ ವರ್ಗಾವಣೆ ಚೆನ್ನಾಗಿ ಆಯಿತೆಂದು ಉಳಿದ ಮುನ್ನೂರನ್ನು ಒಂದೇ ರಾತ್ರಿಗೆ ಇಟ್ಟುಕೊಳ್ಳುವ ಎಲ್ಲ ಕಚೇರಿಗಳಿಗೂ ಈ ಆರನೆಯ ಹಂತ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹಳೆಯ ಕಪ್ಪು ಪರದೆಯೇ ವಾಸಿ ಎನ್ನುವವರಿಗೆ ನನ್ನ ಒಪ್ಪಿಗೆ ಇಲ್ಲ. 2023ರ ಅಕ್ಟೋಬರಿನಲ್ಲಿ ಸಿಸ್ಕೋ ಐಒಎಸ್ ಎಕ್ಸ್‌ಇ ತಂತ್ರಾಂಶದ ವೆಬ್ ಪುಟದಲ್ಲಿ ಒಂದು ದೋಷ ಬಯಲಾಯಿತು. ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು. ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ ಹತ್ತಾರು ಸಾವಿರ ಸಾಧನಗಳಿಗೆ ಕಳ್ಳರು ನುಗ್ಗಿದ್ದರು. ಆ ವಾರ ನಾಲ್ಕುನೂರು ಸ್ವಿಚ್ಚುಗಳಿಗೆ ಒಂದೊಂದಾಗಿ ಲಾಗಿನ್ ಆಗಿ ವೆಬ್ ಪುಟ ಮುಚ್ಚುತ್ತಿದ್ದವರಿಗೂ, ಒಂದೇ ಟೆಂಪ್ಲೇಟಿನಿಂದ ಎಲ್ಲವನ್ನೂ ಮುಚ್ಚಿ ಊಟಕ್ಕೆ ಹೋದವರಿಗೂ ಇರುವ ಅಂತರ ದೊಡ್ಡದು. ಕೈಬರಹದ ಕಾಲದಲ್ಲಿ ಎಲ್ಲ ಸ್ವಿಚ್ಚಿಗೂ ಒಂದೇ ಪಾಸ್‌ವರ್ಡ್ ಇರುತ್ತಿತ್ತು, ಅದು ಕೆಲಸ ಬಿಟ್ಟು ಹೋದವರಿಗೂ ಗೊತ್ತಿರುತ್ತಿತ್ತು. ದತ್ತಾಂಶದಲ್ಲಿ ಸತ್ಯ ಇರಬೇಕು ಎಂಬ ವಿಚಾರ ಸರಿಯಾದದ್ದೇ. 2016ರಲ್ಲಿ ಡಿಜಿಟಲ್‌ಓಶನ್ ಕಂಪನಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ನೆಟ್‌ಬಾಕ್ಸ್‌ನಂಥ ಸಾಧನಗಳು ಹಬ್ಬಿದ್ದು ಅದಕ್ಕಾಗಿಯೇ. ನನ್ನ ತಕರಾರು ಬೇರೆ. ಸತ್ಯವನ್ನು ಸ್ವಿಚ್ಚಿನಿಂದ ಓದಿಕೊಳ್ಳುವ ಮೊದಲೇ ತನ್ನ ಸತ್ಯವನ್ನು ಅದರ ಮೇಲೆ ಬರೆಯುವ ಆತುರದ ಮೇಲೆ, ಆ ಆತುರವನ್ನು ಡೀಫಾಲ್ಟ್ ಮಾಡಿ ಮಾರುವವರ ಮೇಲೆ.

ಈ ಆತುರದ ಎರಡೂ ತುದಿ ನಮ್ಮ ಕಡೆಯೇ ಇದೆ. ಅಮೆರಿಕದ ಹೊರಗೆ ಸಿಸ್ಕೋದ ಅತಿ ದೊಡ್ಡ ಕ್ಯಾಂಪಸ್ ಬೆಂಗಳೂರಿನ ಕಾಡುಬೀಸನಹಳ್ಳಿಯ ಬಳಿ. ಜುನಿಪರ್, ಎಚ್‌ಪಿ ಎಂಟರ್‌ಪ್ರೈಸ್, ಅರಿಸ್ಟಾಗಳ ಎಂಜಿನಿಯರಿಂಗ್ ತಂಡಗಳೂ ಇದೇ ಊರಿನಲ್ಲಿವೆ. ಹೊರದೇಶದ ಕಂಪನಿಗಳ ನೆಟ್‌ವರ್ಕನ್ನು ಇಲ್ಲಿಂದಲೇ ಕಾಯುವ ನಾಕ್ ಕೇಂದ್ರಗಳಿಗೂ ಲೆಕ್ಕವಿಲ್ಲ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಶನಿವಾರ ರಾತ್ರಿ ಹನ್ನೆರಡು ಎಂದರೆ ಬೆಂಗಳೂರಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಅವರ ಮೆಂಟೆನೆನ್ಸ್ ವಿಂಡೋ ಇವರ ಭಾನುವಾರದ ತಿಂಡಿಯ ಹೊತ್ತು. ಡೀಫಾಲ್ಟನ್ನು ಬರೆದವರೂ ಅದರಿಂದ ಭಾನುವಾರ ಕಳೆದುಕೊಂಡವರೂ ಸೋಮವಾರ ಔಟರ್ ರಿಂಗ್ ರಸ್ತೆಯ ಒಂದೇ ಟ್ರಾಫಿಕ್ಕಿನಲ್ಲಿ ನಿಂತಿರುವ ಸಾಧ್ಯತೆ ಸಾಕಷ್ಟಿದೆ. ಒಬ್ಬರನ್ನೊಬ್ಬರು ಗುರುತಿಸಲಾರರು, ಅದು ಒಳ್ಳೆಯದೇ.

ಪಳಗಿದವರು ಕೆಲವು ಆಣೆಕಟ್ಟು ಕಟ್ಟಿಕೊಂಡಿರುತ್ತಾರೆ. ಜುನಿಪರಿನಲ್ಲಿ ‘ಕಮಿಟ್ ಕನ್ಫರ್ಮ್ಡ್’ ಎಂದು ಬರೆದರೆ ಹತ್ತು ನಿಮಿಷದೊಳಗೆ ಮತ್ತೊಮ್ಮೆ ಹೌದು ಎನ್ನದಿದ್ದಲ್ಲಿ ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ಹಳೆಯ ಸಿಸ್ಕೋದಲ್ಲಿ ಕೆಲಸ ಶುರುಮಾಡುವ ಮೊದಲು ‘ರೀಲೋಡ್ ಇನ್ 10’ ಎಂದು ಬರೆದಿಡುತ್ತಾರೆ. ದಾರಿ ಕಡಿದುಹೋದರೆ ಸ್ವಿಚ್ ಹತ್ತು ನಿಮಿಷಕ್ಕೆ ತಾನೇ ಮಲಗಿ ಎದ್ದು ಹಳೆಯ ಕಾನ್ಫಿಗ್ ಓದಿಕೊಳ್ಳುತ್ತದೆ, ಕೆಲಸ ಸುಸೂತ್ರವಾದರೆ ‘ರೀಲೋಡ್ ಕ್ಯಾನ್ಸಲ್’ ಎಂದು ಬರೆಯುವುದನ್ನು ಮಾತ್ರ ಮರೆಯಬಾರದು. ರ‍್ಯಾನ್ಸಿಡ್, ಆಕ್ಸಿಡೈಸ್ಡ್ ಎಂಬ ಉಚಿತ ತಂತ್ರಾಂಶಗಳು ಎಲ್ಲ ಸ್ವಿಚ್ಚುಗಳ ಕಾನ್ಫಿಗನ್ನು ನಿಯತವಾಗಿ ತೆಗೆದಿಟ್ಟು, ನಿನ್ನೆಗೂ ಇಂದಿಗೂ ಯಾವ ಸಾಲು ಬೇರೆ ಎಂದು ತೋರಿಸುತ್ತವೆ. ಹೊಸ ಪ್ಲಾಟ್‌ಫಾರ್ಮ್ ಬಂದಿತೆಂದು ಇವನ್ನು ನಿಲ್ಲಿಸುವವರೇ ಹೆಚ್ಚು. ಕೊನೇಪಕ್ಷ ಆರು ತಿಂಗಳಾದರೂ ಓಡಲು ಬಿಡಬೇಕು, ಏಕೆಂದರೆ ಪ್ಲಾಟ್‌ಫಾರ್ಮ್ ಬರೆದದ್ದನ್ನು ಪ್ಲಾಟ್‌ಫಾರ್ಮಿನದಲ್ಲದ ಕಣ್ಣು ನೋಡಬೇಕು.

ಮಾರಾಟದವರು ಡೆಮೊಗೆ ಬಂದಾಗ ಮಾಡಿ ನೋಡಬಹುದಾದ ಪರೀಕ್ಷೆಯೂ ಒಂದಿದೆ. ಮೇಜಿನ ಮೇಲೆ ನಿಮ್ಮದೇ ಒಂದು ಬಿಡಿ ಸ್ವಿಚ್ ಇಡಿ, ನಿಮ್ಮ ಕಟ್ಟಡದ ನಿಜವಾದ ಕಾನ್ಫಿಗ್ ಹಾಕಿ. ಅದನ್ನು ಒಂದು ಕಡತಕ್ಕೆ ಇಳಿಸಿಕೊಳ್ಳಿ. ಈಗ ಅವರ ವ್ಯವಸ್ಥೆಯ ಪಟ್ಟಿಗೆ ಸ್ವಿಚ್ಚನ್ನು ಸೇರಿಸಿ, ಒಂದು ಸ್ಥಳಕ್ಕೆ ಗುರುತು ಹಾಕಿ, ಬೇರೇನನ್ನೂ ಒತ್ತಬೇಡಿ. ಕಾಫಿ ಕುಡಿದು ಬಂದು ಕಾನ್ಫಿಗನ್ನು ಮತ್ತೆ ಇಳಿಸಿ, ಎರಡು ಕಡತಗಳನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸಲು ಹೇಳಿ. ಬರೀ ನೋಡುವ ವ್ಯವಸ್ಥೆಗೂ ಲಾಗಿನ್, ಸಿಸ್‌ಲಾಗ್ ಎಂದು ಕೆಲವು ಸಾಲು ಬೇಕಾಗುತ್ತವೆ, ಅದು ಸರಿ. ಅದರ ಆಚೆಗಿನ ಒಂದೊಂದು ಸಾಲಿಗೂ ಬೆರಳಿಟ್ಟು ಇದೇಕೆ ಬಂತು, ಇದನ್ನು ಆರಿಸುವುದು ಎಲ್ಲಿ, ಆರಿಸಿದರೆ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಏನು ಕಾಣದಾಗುತ್ತದೆ ಎಂದು ಕೇಳಿ. ಜತೆಗೆ ಬಂದ ಪ್ರೀ-ಸೇಲ್ಸ್ ಎಂಜಿನಿಯರ್ ಕೆಲಸ ಬಲ್ಲವನಾದರೆ ಉತ್ತರಿಸುತ್ತಾನೆ. ಇಲ್ಲವಾದರೆ ಕೈಪಿಡಿ ತೆರೆಯುತ್ತಾನೆ, ಆಗ ನೀವೂ ಅವನ ಪಕ್ಕದಲ್ಲೇ ಕುಳಿತು ಓದಿ.